ಮೂರನೇ ದಿನಕ್ಕೇ ತಲೆ ಕೆಟ್ಟಿದೆ!

ಪ್ರಶ್ನೆ: ಸಿಗರೇಟು ಬಿಟ್ಟು ಮೂರು ದಿನವಾಯ್ತು. ನಿದ್ದೆಯಿಲ್ಲ, ಮನೆಯವರ ಮೇಲೆಲ್ಲ ರೇಗುತ್ತಿದ್ದೇನೆ. ಸಂಜೆ ಟೀ ಅಂಗಡಿ ಮುಂದೆ ನಿಂತರೆ ಕೈ ತಾನಾಗೇ ಜೇಬಿಗೆ ಹೋಗುತ್ತದೆ. ನನ್ನಿಂದ ಆಗುತ್ತದಾ?
– ಓದುಗ, ಜಯನಗರ

ಉತ್ತರ: ಆಗುತ್ತದೆ, ಈಗಲೇ ಕೈಚೆಲ್ಲಬೇಡಿ. ನಿಕೋಟಿನ್ ಮೈಯಿಂದ ಇಳಿಯುವ ಈ ಮೊದಲ ಎರಡು ಮೂರು ದಿನವೇ ಕಾಟ ಜಾಸ್ತಿ, ಆಮೇಲೆ ವಾರ ಕಳೆದಂತೆ ಕಡಿಮೆಯಾಗುತ್ತದೆ (ಮನೆಯವರಿಗೂ ಇದನ್ನು ಹೇಳಿಬಿಡಿ, ಪಾಪ). ಸೇದಬೇಕೆನ್ನುವ ಚಡಪಡಿಕೆ ಸಾಮಾನ್ಯವಾಗಿ ಕೆಲವೇ ನಿಮಿಷದ್ದು, ಅಷ್ಟು ಹೊತ್ತು ಬಾಯಿಗೊಂದು ಲವಂಗ ಹಾಕಿಕೊಂಡು ಸುಮ್ನೆ ನಡೆದಾಡಿ. ನಿಜವಾದ ತೊಂದರೆ ಟೀ ಅಂಗಡಿಯದ್ದು ಅಲ್ವಾ? ಸ್ವಲ್ಪ ದಿನ ಸೇದದ ಗೆಳೆಯರ ಜೊತೆ ದರ್ಶಿನಿಯಲ್ಲಿ ಬೈ ಟು ಕಾಫಿ ಕುಡಿಯಿರಿ. 'ಒಂದೇ ದಮ್ ಮಗಾ' ಅನ್ನುವವರ ಹತ್ತಿರ ನಿಲ್ಲಲೇಬೇಡಿ. ತೀರಾ ಕಷ್ಟವಾದರೆ ತಂಬಾಕು ಬಿಡುವವರ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡು ಕೊಡಬೇಕಿಲ್ಲ.