ತೈಮೂರನ ಗೋರಿ ತೆರೆದಿದ್ದಕ್ಕೇ ಹಿಟ್ಲರ್ ರಷ್ಯಾ ಮೇಲೆ ಬಿದ್ದನಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಸಮರ್ಕಂದದಲ್ಲಿರುವ ತೈಮೂರನ ಗೋರಿಗೆ ನಿಜವಾಗಿಯೂ ಶಾಪವಿತ್ತಾ? ಇದ್ದರೆ ಆ ಶಾಪದ ಬರಹವನ್ನು ಈಗಲೂ ಅಲ್ಲಿ ನೋಡಬಹುದಾ? ಮೊದಲು ಕಥೆ ಹೇಳುತ್ತೇನೆ, ಕಥೆ ಚೆನ್ನಾಗಿದೆ.

1398ರಲ್ಲಿ ದೆಹಲಿಯನ್ನು ಸೂರೆ ಮಾಡಿದ ಅದೇ ತೈಮೂರ. 1405ರಲ್ಲಿ ಚೀನಾದ ಮೇಲೆ ದಂಡೆತ್ತಿ ಹೊರಟವನು ದಾರಿಯಲ್ಲೇ, ಒತ್ರಾರ್‌ನಲ್ಲಿ ಸತ್ತ. ಸಮರ್ಕಂದದಲ್ಲಿ ಮೊಮ್ಮಗನಿಗೆಂದು ಕಟ್ಟಿಸಿದ್ದ ಗೋರಿಯಲ್ಲೇ ಅವನನ್ನೂ ಹೂಳಿದರು. ಇಂದಿನ ಉಜ್ಬೇಕಿಸ್ತಾನದ ಗುರ್-ಎ-ಅಮೀರ್ ಅದೇ.

1941ರ ಜೂನ್‌ನಲ್ಲಿ ಸೋವಿಯತ್ ತಂಡವೊಂದು ಆ ಗೋರಿ ತೆರೆಯಿತು. ಬುರುಡೆ ನೋಡಿ ಮುಖ ರೂಪಿಸುತ್ತಿದ್ದ ಮಾನವಶಾಸ್ತ್ರಜ್ಞ ಮಿಖಾಯಿಲ್ ಗೆರಾಸಿಮೊವ್, ತಾಜಿಕ್ ಲೇಖಕ ಸದ್ರಿದ್ದೀನ್ ಐನಿ, ಗಣಿತಜ್ಞ ಕಾರಿ-ನಿಯಾಜೋವ್ ಅದರಲ್ಲಿದ್ದರು. ಚಿತ್ರೀಕರಣಕ್ಕೆ ಮಲಿಕ್ ಕಯೂಮೊವ್ ಎಂಬ ಯುವ ಕ್ಯಾಮೆರಾಮನ್. ತೈಮೂರನ ಮೂಳೆಗಳು ಹೊರಗೆ ಬಂದು ಕೆಲವೇ ದಿನಕ್ಕೆ, ಜೂನ್ 22ರ ಬೆಳಗಿನ ಜಾವ, ಜರ್ಮನ್ ಸೇನೆ ಗಡಿ ದಾಟಿತು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು! 'ನನ್ನ ಗೋರಿ ತೆರೆದವರ ಮೇಲೆ ನನಗಿಂತ ಭಯಂಕರನೊಬ್ಬ ದಾಳಿ ಮಾಡುತ್ತಾನೆ' ಎಂದು ಬರೆದಿತ್ತಂತೆ, ಅನ್ನುವ ಮಾತು ಹಬ್ಬಿತು.

ಈ ಕಥೆಗೆ ಜೀವ ತುಂಬಿದ್ದು ಹೆಚ್ಚಾಗಿ ಕಯೂಮೊವ್. ಎಷ್ಟೋ ವರ್ಷಗಳ ನಂತರ ಅವರು ಹೇಳಿದ್ದು ಹೀಗೆ: ಹತ್ತಿರದ ಚಹಾದಂಗಡಿಯಲ್ಲಿ ಮೂವರು ಮುದುಕರು ಕೂತಿದ್ದರು. ಅವರ ಕೈಯಲ್ಲಿ ಅರಬ್ಬೀ ಲಿಪಿಯ ಹಳೇ ಪುಸ್ತಕ. ಗೋರಿ ತೆರೆದರೆ ಯುದ್ಧವಾಗುತ್ತದೆ ಎಂದು ಅದನ್ನು ತೋರಿಸಿ ಎಚ್ಚರಿಸಿದರು. ಐನಿಯವರಿಗೆ ಸಿಟ್ಟು ಬಂದು ಅವರನ್ನು ಅಟ್ಟಿಬಿಟ್ಟರು. ಆಮೇಲೆ ಯುದ್ಧಭೂಮಿಯಲ್ಲಿ ಇದನ್ನೆಲ್ಲ ಸೇನಾನಿ ಝುಕೋವ್‌ಗೆ ತಾನೇ ಹೇಳಿದೆ, ಅದು ಸ್ಟಾಲಿನ್‌ವರೆಗೂ ಹೋಯಿತು ಎಂದೂ ಕಯೂಮೊವ್ ಹೇಳುತ್ತಿದ್ದರು. ಇರಬಹುದು, ಇಲ್ಲದೆಯೂ ಇರಬಹುದು. ಒಳ್ಳೆ ಕಥೆ ಹೇಳುವವರಿಗೆ ಕೇಳುವವರು ಸಿಕ್ಕರೆ ಕಥೆ ಬೆಳೆಯುತ್ತದೆ, ಅಲ್ವಾ?

ಆದರೆ ತಾರೀಖು ನೋಡಿ. ಸೋವಿಯತ್ ಮೇಲಿನ ದಾಳಿಗೆ ಸಿದ್ಧವಾಗಿ ಅಂತ ಹಿಟ್ಲರ್ ಆದೇಶಕ್ಕೆ ಸಹಿ ಹಾಕಿದ್ದು 1940ರ ಡಿಸೆಂಬರ್ 18ರಂದು. ಗೋರಿ ತೆರೆಯುವುದಕ್ಕೂ ಆರು ತಿಂಗಳು ಮುಂಚೆ! ಗೋರಿ ತೆರೆಯುವ ಹೊತ್ತಿಗೆ ಗಡಿಯಲ್ಲಿ ಸುಮಾರು 30 ಲಕ್ಷ ಸೈನಿಕರು ಸೇರಿಯಾಗಿತ್ತು. ಅಷ್ಟು ಜನರನ್ನು ಯಾವ ದೆವ್ವವೂ ಎರಡು ದಿನದಲ್ಲಿ ತಂದು ನಿಲ್ಲಿಸಲಾರದು. ಮೂಳೆಗಳನ್ನು 1942ರ ಕೊನೆಗೆ ಮತ್ತೆ ಹೂಳಿದ ಕೂಡಲೇ ಸ್ಟಾಲಿನ್‌ಗ್ರಾಡ್‌ನಲ್ಲಿ ಸೋವಿಯತ್ ಸೇನೆಗೆ ಜಯ ಬಂತು ಅನ್ನುವುದೂ ಹೀಗೇ. ನವೆಂಬರ್ 19ರಂದು ಶುರುವಾದ ಆ ಪ್ರತಿದಾಳಿಯ ಯೋಜನೆ ಸೆಪ್ಟೆಂಬರ್‌ನಿಂದಲೇ ನಡೆದಿತ್ತು.

ನನಗೆ ಇನ್ನೂ ಮಜಾ ಅನ್ನಿಸುವುದು ಬೇರೆ. ಶಾಪ ತಟ್ಟಬೇಕಾದ್ದು ಯಾರಿಗೆ? ಮೂಳೆ ಮುಟ್ಟಿದವರಿಗೆ. ಐನಿ ತಾಜಿಕಿಸ್ತಾನದ ವಿಜ್ಞಾನ ಅಕಾಡೆಮಿಗೆ ಮೊದಲ ಅಧ್ಯಕ್ಷರಾದರು. ಕಾರಿ-ನಿಯಾಜೋವ್ ಉಜ್ಬೇಕಿಸ್ತಾನದ ಅಕಾಡೆಮಿಗೆ. ಗೆರಾಸಿಮೊವ್ ಸುಮ್ನೆ ಕೂರಲಿಲ್ಲ. ಮುಂದೆ ರಷ್ಯಾದ ದೊರೆ ಇವಾನ್ ದಿ ಟೆರಿಬಲ್‌ನ ಬುರುಡೆ ಹಿಡಿದು ಅವನ ಮುಖವನ್ನೂ ರೂಪಿಸಿದರು. ಕಯೂಮೊವ್ ಅಂತೂ 98 ವರ್ಷ ಬದುಕಿ 2010ರಲ್ಲಿ ತೀರಿಕೊಂಡರು. ಇಂಥ ಶಾಪ ನಮಗೂ ಸಿಗಲಿ!

ಶಾಪದ ಗದ್ದಲದಲ್ಲಿ ಮುಚ್ಚಿಹೋದದ್ದು ಆ ಮೂಳೆಗಳು ಹೇಳಿದ ಸತ್ಯ. ತೈಮೂರ ಕುಂಟ ಅನ್ನುವುದು ಬರೀ ವೈರಿಗಳ ಕುಹಕವಾಗಿರಲಿಲ್ಲ. ಬಲಗಾಲು ನಿಜಕ್ಕೂ ಊನವಾಗಿತ್ತು, ಬಲಗೈಗೂ ಪೆಟ್ಟಾಗಿತ್ತು. ಪಕ್ಕದ ಗೋರಿಯಲ್ಲಿ ಅವನ ಇನ್ನೊಬ್ಬ ಮೊಮ್ಮಗ, ನಕ್ಷತ್ರಗಳ ಪಟ್ಟಿ ಮಾಡಿದ ಉಲುಗ್ ಬೇಗ್ ಇದ್ದ. 1449ರಲ್ಲಿ ಅವನನ್ನು ಸ್ವಂತ ಮಗನೇ ಕೊಲ್ಲಿಸಿದ. ತಲೆ ಕಡಿದೇ ಕೊಂದರು ಎಂಬುದಕ್ಕೆ ಅವನ ಮೂಳೆಗಳೇ ಸಾಕ್ಷಿ ಹೇಳಿದವು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅಲ್ಲಿಗೆ ಹೋದರೆ ಗುಮ್ಮಟದ ಕೆಳಗೆ ಕಡುಹಸಿರು ಜೇಡ್ ಕಲ್ಲೊಂದು ಕಾಣುತ್ತದೆ. ಅದನ್ನು ತಂದು ಇರಿಸಿದ್ದು ಉಲುಗ್ ಬೇಗ್. 1740ರಲ್ಲಿ ಪರ್ಷಿಯಾದ ದೊರೆ ನಾದಿರ್ ಷಾ ಅದನ್ನು ಹೊತ್ತೊಯ್ದಾಗ ಎರಡು ತುಂಡಾಯಿತಂತೆ, ಬಿರುಕು ಈಗಲೂ ಇದೆ. ಕಲ್ಲಿನ ಮೇಲೆ ಬರಹವೂ ಇದೆ, ಆದರೆ ಅದು ವಂಶಾವಳಿ: ಚಂಗೀಸ್ ಖಾನನ ಕುಲದೊಂದಿಗಿನ ನಂಟು, ಬೆಳಕಿನಿಂದ ಗರ್ಭ ಧರಿಸಿದಳೆನ್ನುವ ಮೂಲತಾಯಿ ಅಲಾನ್ ಗೋವಾ, ಹೀಗೆ. ಶಾಪದ ಒಂದು ಸಾಲೂ ಅದರಲ್ಲಿಲ್ಲ. ಅಂದಹಾಗೆ, ಆ ಕಲ್ಲು ಬರೀ ಗುರುತಿಗೆ. ತೈಮೂರ ಇರುವುದು ಅದರ ಕೆಳಗಿನ ನೆಲಮಾಳಿಗೆಯಲ್ಲಿ.