ಚಿಕ್ಕಬಳ್ಳಾಪುರದ ಪುಟ್ಟ ರೈಲು ಯಾರದು?

ಓದುಗರ ಪತ್ರ: “ಮೊನ್ನೆ ಮಕ್ಕಳನ್ನು ಕರೆದುಕೊಂಡು ಹೋಗಿ ನಂದಿ ಹಾಲ್ಟ್ ಸ್ಟೇಷನ್ ತೋರಿಸಿದೆ. ಬ್ರಿಟಿಷರು ಎಷ್ಟು ಚೆನ್ನಾಗಿ ಕಟ್ಟಿದ್ದರು ನೋಡಿ ಅಂದೆ. ನಮ್ಮ ತಾಯಿ ಚಿಂತಾಮಣಿಯವರು, ಆ ಚಿಕ್ಕ ರೈಲಿನಲ್ಲೇ ಓಡಾಡಿದವರು. ಊಟಿ ರೈಲನ್ನು ಉಳಿಸಿಕೊಂಡ ಹಾಗೆ ಇದನ್ನೂ ಯಾಕೆ ಉಳಿಸಿಕೊಳ್ಳಲಿಲ್ಲ? ನಮ್ಮವರಿಗೆ ಹಳೆಯದರ ಬೆಲೆ ಗೊತ್ತಿಲ್ಲ, ಅಲ್ವಾ?” – ಯಲಹಂಕದ ಓದುಗರು

ಸಂಪಾದಕರ ಉತ್ತರ:

ಮಕ್ಕಳಿಗೆ ಇನ್ನೊಂದು ಸಲ ಹೇಳಬೇಕಾಗುತ್ತದೆ. ನಂದಿಯ ಹಳಿ ಬ್ರಿಟಿಷರದ್ದಲ್ಲ. ಬ್ರಿಟಿಷರ ರೈಲು ಅಂದರೆ 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ ಬಂದದ್ದು. ಅದು ಮದ್ರಾಸ್ ರೈಲ್ವೆ ಕಂಪನಿಯದು. ಬಂಡವಾಳ ಇಂಗ್ಲೆಂಡಿನದು, ಬಡ್ಡಿಗೆ ಸರ್ಕಾರದ ಗ್ಯಾರಂಟಿ. ನಿಮ್ಮ ತಾಯಿಯವರು ಓಡಾಡಿದ ರೈಲಿನ ಕತೆ ಬೇರೆ. ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಮೊದಲ ತುಂಡು ಹಳಿ ಬಿತ್ತು. ಅದು ಕೋಲಾರ ಜಿಲ್ಲಾ ಬೋರ್ಡಿನ ಆಸ್ತಿ. ಇತ್ತ ಬೆಂಗಳೂರು ಕಡೆಯಿಂದ ದೇವನಹಳ್ಳಿ, ನಂದಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋದ ಲೈಟ್ ರೈಲ್ವೆಗೆ ಬೇರೆಯೇ ಒಂದು ಕಂಪನಿ ಆಯಿತು. ಸುಮಾರು 1915ರ ಮಾತು. ಅದರಲ್ಲಿ ಊರವರ ಹಣ ಇತ್ತು, ಹಿಂದೆ ಮೈಸೂರು ಸರ್ಕಾರದ ಬೆಂಬಲ ಇತ್ತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅವರ ಮುದ್ದೇನಹಳ್ಳಿ ಆ ಹಳಿಯಿಂದ ದೂರವೇನಲ್ಲ. ಅದಕ್ಕೇ ಅಲ್ಲಿಗೆ ರೈಲು ಬಂತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದೇ ವರ್ಷಗಳಲ್ಲಿ ಅರಸೀಕೆರೆ, ಹಾಸನ, ಮೈಸೂರು ಮಾರ್ಗಕ್ಕೂ, ತರೀಕೆರೆಯಿಂದ ನರಸಿಂಹರಾಜಪುರದ ಕಾಡಿಗೆ ಹೋಗುವ ಎರಡಡಿ ಅಗಲದ ಹಳಿಗೂ ಕೆಲಸ ನಡೆದಿತ್ತು.

ಇನ್ನು ಯಾಕೆ ಉಳಿಯಲಿಲ್ಲ ಅನ್ನುವುದು. ಇದಕ್ಕೆ ಹಳಿಯ ಅಗಲವನ್ನೇ ನೋಡಬೇಕು.

ನಿಮ್ಮ ಚಿಕ್ಕ ರೈಲಿನ ಹಳಿ ಎರಡೂವರೆ ಅಡಿ. ಕೈಯಲ್ಲಿ ದುಡ್ಡು ಕಮ್ಮಿ ಇದ್ದವರಿಗೆ ಅದೇ ಸರಿ. ಕಬ್ಬಿಣ ಕಮ್ಮಿ, ಮಣ್ಣಿನ ಕೆಲಸ ಕಮ್ಮಿ, ಸೇತುವೆ ಸಣ್ಣದು. ಗುಡ್ಡ ಅಡ್ಡ ಬಂದರೆ ಕೊರೆಯಬೇಕಿಲ್ಲ, ಸುತ್ತಿಕೊಂಡು ಹೋದರಾಯಿತು. ಅಷ್ಟು ಅಗ್ಗವಾಗಿದ್ದರಿಂದಲೇ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದಂಥ ಊರುಗಳು ಅಷ್ಟು ಬೇಗ ರೈಲು ಕಂಡವು. ಅಗಲ ಹಳಿಯ ಬ್ರಾಡ್‌ಗೇಜೇ ಬೇಕು ಅಂತ ಕೂತಿದ್ದರೆ ಇನ್ನೆಷ್ಟು ಕಾಲ ಕಾಯಬೇಕಿತ್ತೋ.

ಆದರೆ ಎರಡು ತುದಿಯಲ್ಲಿ ಏನಿತ್ತು ನೋಡಿ. ಬಂಗಾರಪೇಟೆಯಲ್ಲಿ ಐದೂವರೆ ಅಡಿಯ ಬ್ರಾಡ್‌ಗೇಜ್. ಯಲಹಂಕದಲ್ಲಿ ಹಿಂದೂಪುರದ ಕಡೆ ಹೋಗುವ, ಒಂದು ಮೀಟರ್ ಅಗಲದ ಮೀಟರ್‌ಗೇಜ್. ನಡುವೆ ಇದು. ಚಿಂತಾಮಣಿಯಿಂದ ಹೊರಟ ಹುಣಸೆಹಣ್ಣಿನ ಮೂಟೆ ಮದ್ರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಇಳಿಸಬೇಕು, ಬೇರೆ ವ್ಯಾಗನ್ನಿಗೆ ಹತ್ತಿಸಬೇಕು. ಹಿಂದೂಪುರಕ್ಕಾದರೆ ಯಲಹಂಕದಲ್ಲಿ ಅದೇ ಪಾಡು. ಹಮಾಲಿಗಳಿಗೆ ಇದು ಕೂಲಿ. ಸ್ಟೇಷನ್ ಸುತ್ತಲಿನ ಹೋಟೆಲಿಗೆ, ಬೀಡಿ ಅಂಗಡಿಗೆ, ಗಾಡಿಯವರಿಗೆ ವ್ಯಾಪಾರ. ಗೇಜ್ ಕೂಡದಿದ್ದದ್ದರಿಂದಲೇ ಇವರ ಒಲೆ ಉರಿಯುತ್ತಿತ್ತು. ಮೂಟೆ ಕಳಿಸುವವನಿಗೆ ಮಾತ್ರ ಅದು ಸುಮ್ನೆ ದಂಡ.

ಹುಣಸೆಹಣ್ಣು ಒಂದು ದಿನ ತಡವಾದರೂ ಕೆಡುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ಗೂಡು ಹಾಗಲ್ಲ. ಹುಳ ಚಿಟ್ಟೆಯಾಗಿ ಗೂಡು ಕೊರೆದು ಬಂದರೆ ಎಳೆ ತುಂಡು ತುಂಡು. ಮಾವು ಹಣ್ಣಾಗಿ ಕೊಳೆಯುತ್ತದೆ. ಇಂಥ ಸರಕಿಗೆ ಮನೆ ಬಾಗಿಲಿಗೇ ಬರುವ ಲಾರಿ ಸಿಕ್ಕ ಮೇಲೆ ನಿಧಾನದ ರೈಲಿಗೆ ಯಾರು ಕಾಯುತ್ತಾರೆ? ಜನರೂ ಹಾಗೆಯೇ. ಬಸ್ಸು ಊರ ನಡುವೆ ನಿಲ್ಲುತ್ತಿತ್ತು. ಬೆಂಗಳೂರಿನ ಒಳಗೇ ತಂದು ಬಿಡುತ್ತಿತ್ತು.

ಊಟಿಯ ಹೋಲಿಕೆ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಮೆಟ್ಟುಪಾಳ್ಯಂನಿಂದ ಮೇಲೆ ಹತ್ತುವುದಕ್ಕೆ ಹಲ್ಲಿನ ಹಳಿ ಬೇಕೇ ಬೇಕು. ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ರೈಲು ಹತ್ತುವ ಖುಷಿಗೇ ಹೋಗುತ್ತಾರೆ. 2005ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಮ್ಮದು ಬಯಲುಸೀಮೆಯ ರೈಲು. ಕೋರ್ಟು, ಆಸ್ಪತ್ರೆ, ಸಂತೆ, ಮದುವೆಗೆ ಹೋಗುವವರ ರೈಲು. ಪ್ರವಾಸಿಗಳು ಫೋಟೋ ತೆಗೆಯಲಿ ಅಂತ ಚಿಂತಾಮಣಿಯವರು ಇವತ್ತಿಗೂ ಯಲಹಂಕದಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತೇ? ನಿಮ್ಮ ತಾಯಿಯವರನ್ನೇ ಕೇಳಿ ನೋಡಿ.

ನನ್ನ ತಕರಾರು ಬೇರೆ. 1992ರಲ್ಲಿ ಎಲ್ಲ ಹಳಿಯೂ ಒಂದೇ ಅಗಲ ಆಗಲಿ ಅಂತ ಕೇಂದ್ರ ಹೊರಟಿತು. ಯಲಹಂಕ ಕಡೆಯಿಂದ ಚಿಕ್ಕಬಳ್ಳಾಪುರದವರೆಗೆ ಬ್ರಾಡ್‌ಗೇಜ್ ಆಯಿತು, ಬಂಗಾರಪೇಟೆ ಕಡೆಯಿಂದ ಕೋಲಾರದವರೆಗೆ ಆಯಿತು. ನಡುವಿನ ತುಂಡು, ಅಂದರೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಇರುವ ಭಾಗ ಮುಗಿದದ್ದು 2013ರಲ್ಲಿ. ಹಳೆಯದನ್ನು ತೆಗೆದದ್ದಕ್ಕಿಂತ, ಹೊಸದನ್ನು ಕೊಡಲು ಇಷ್ಟು ವರ್ಷ ಮಾಡಿದ್ದೇ ಆ ಊರುಗಳಿಗೆ ಆದ ನಷ್ಟ. ಅಷ್ಟರಲ್ಲಿ ಒಂದು ತಲೆಮಾರು ಬಸ್ಸಿಗೇ ಒಗ್ಗಿಕೊಂಡಿತು. ರೈಲಿನ ಟೈಮು ಕೇಳುವ ಅಭ್ಯಾಸವೇ ತಪ್ಪಿತು. ಹಳಿ ಬಂದ ಮೇಲೂ ರೈಲಿನ ಸಂಖ್ಯೆ ಏನೂ ಜಾಸ್ತಿ ಇಲ್ಲ.

ಕಟ್ಟಡಗಳ ವಿಷಯದಲ್ಲಿ ನಿಮ್ಮ ಕಾಳಜಿ ನನ್ನದೂ ಹೌದು. ನಂದಿ ಹಾಲ್ಟ್ ಒಂದೇ ಅಲ್ಲ, ಅದೇ ಮಾರ್ಗದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ಸ್ಟೇಷನ್ನುಗಳಲ್ಲೂ ಹಳೆಯ ಕಟ್ಟಡಗಳಿವೆ. ಹಳೆಯ ಕಟ್ಟಡಗಳನ್ನು ಉಳಿಸುವ ಸಂಸ್ಥೆಯಾದ ಇನ್‌ಟ್ಯಾಕ್‌ನ ಬೆಂಗಳೂರು ಶಾಖೆ ಇವುಗಳ ದುರಸ್ತಿಗೆ ಕೈ ಹಾಕಿದೆ. ದೊಡ್ಡಜಾಲಕ್ಕೂ ದೇವನಹಳ್ಳಿಗೂ ನಡುವೆ 2021ರ ಜನವರಿಯಲ್ಲಿ ವಿಮಾನ ನಿಲ್ದಾಣಕ್ಕೆ ಅಂತ ಹೊಸ ಹಾಲ್ಟ್ ಕೂಡ ಬಂತು. ಮುಂದಿನ ಸಲ ಕಾರು ಬಿಟ್ಟು ಯಲಹಂಕದಲ್ಲೇ ಪ್ಯಾಸೆಂಜರ್ ಹತ್ತಿ. ಹೊರಡುವ ಮೊದಲು ವಾಪಸ್ ಬರುವ ರೈಲಿನ ಟೈಮು ನೋಡಿಕೊಳ್ಳಿ. ಅದು ತಪ್ಪಿದರೆ ಮತ್ತೆ ಬಸ್ಸೇ ಗತಿ.