ಬಡವರಿಗೆ ಕೊಡುವ ಹಣದಲ್ಲಿ ಅಧ್ಯಯನಕ್ಕೂ ಪಾಲು ಯಾಕೆ?

ಕೊಟ್ಟ ನೆರವು ಫಲ ಕೊಟ್ಟಿತೇ ಎಂದು ಅಳೆಯುವ ಅಧ್ಯಯನದ ದುಡ್ಡನ್ನೂ ನೇರವಾಗಿ ಬಡವರಿಗೇ ಕೊಡಬಹುದಲ್ವಾ ಅಂತ ಕೇಳಿದ್ದೀರಿ. ಬಾಂಗ್ಲಾದೇಶದ ಒಂದು ಪ್ರಸಂಗ ನೋಡಿ.

ಉತ್ತರದ ರಂಗಪುರ ಭಾಗದಲ್ಲಿ ಭತ್ತದ ನಾಟಿ ಮುಗಿದ ಮೇಲೆ ಕೊಯ್ಲಿನವರೆಗೂ ಕೂಲಿ ಸಿಗುವುದು ಕಷ್ಟ. ಆ ಹಸಿವಿನ ದಿನಗಳಿಗೆ ಅಲ್ಲಿ 'ಮೊಂಗಾ' ಎನ್ನುತ್ತಾರೆ. 2008ರಲ್ಲಿ ಸಂಶೋಧಕರು ಚೀಟಿ ಎತ್ತಿದ ಹಾಗೆ ಹಳ್ಳಿಗಳನ್ನು ಆರಿಸಿ, ಬೇರೆ ಊರಿಗೆ ದುಡಿಯಲು ಹೋಗುವವರಿಗೆ ಬಸ್ ಚಾರ್ಜಿನಷ್ಟು ಹಣ ಕೊಟ್ಟರು. ಉಳಿದ ಹಳ್ಳಿಗಳಿಗೆ ಕೊಡಲಿಲ್ಲ. ಹಣ ಸಿಕ್ಕ ಕಡೆ ಗುಳೆ ಹೋದವರು ಜಾಸ್ತಿ, ಮನೆಯವರ ಊಟವೂ ಸುಧಾರಿಸಿತ್ತು. ಹೋಲಿಸಲು ಆ ಉಳಿದ ಹಳ್ಳಿಗಳು ಬೇಕೇ ಬೇಕು. ಇಲ್ಲದಿದ್ದರೆ ಬೆಳೆ ಚೆನ್ನಾಗಿ ಬಂದ ವರ್ಷ ಎಲ್ಲ ಯೋಜನೆಯೂ ಗೆದ್ದಂತೆಯೇ ಕಾಣುತ್ತದೆ!

ನನಗೆ ಇಷ್ಟವಾಗುವುದು ಆಮೇಲಿನ ಕಥೆ. ಎವಿಡೆನ್ಸ್ ಆ್ಯಕ್ಷನ್ ಎಂಬ ಸಂಸ್ಥೆ ಇದನ್ನು ದೊಡ್ಡ ಮಟ್ಟಕ್ಕೆ ಒಯ್ದಿತು. ಒಮ್ಮೆ ಗೆದ್ದಾಯಿತಲ್ಲ ಎಂದು ಸುಮ್ನೆ ಕೂರದೆ 2017ರಲ್ಲಿ ಮತ್ತೆ ಅಳೆಸಿತು. ಈ ಸಲ ಗುಳೆಯೂ ಹೆಚ್ಚಿರಲಿಲ್ಲ, ಆದಾಯವೂ ಹೆಚ್ಚಿರಲಿಲ್ಲ. 2019ರಲ್ಲಿ ಯೋಜನೆಯನ್ನೇ ನಿಲ್ಲಿಸಿದರು. ಅಳೆಯಲು ದುಡ್ಡು ಇಟ್ಟಿರದಿದ್ದರೆ ಅದು ಇವತ್ತಿಗೂ ನಡೆಯುತ್ತಲೇ ಇರುತ್ತಿತ್ತೇನೋ.

ಹಾಗಂತ ಎಲ್ಲದಕ್ಕೂ ಇಷ್ಟು ದೊಡ್ಡ ಅಧ್ಯಯನ ಬೇಡ. ಹತ್ತು ಹಳ್ಳಿಯ ಬೋರ್‌ವೆಲ್ ರಿಪೇರಿ ಮಾಡಿಸಿದರೆ, ನೀರು ಬರುತ್ತಿದೆಯಾ ಅಂತ ಹೋಗಿ ನೋಡಿದರೆ ಸಾಕು.